ಒಂದೇ ಐಡಿಯ ಮನೆ

ಬೆಳಗ್ಗೆ ಕಾಯಿ ತುರಿಯುವುದು ಕೃಷ್ಣಮೋಹನರ ಪಾಲಿನ ಕೆಲಸ. ನರಿಮೊಗರಿನ ಆ ಮನೆಯಲ್ಲಿ ಉಳಿದೆಲ್ಲ ಕೆಲಸಗಳು ಹೆಂಡತಿ ಗೋದಾವರಿಯ ಪಾಲಿಗೆ ಬಂದಿದ್ದುದರಿಂದ ಈ ಒಂದನ್ನು ಅವರು ಬಹಳ ಗಾಂಭೀರ್ಯದಿಂದ ಮಾಡುತ್ತಿದ್ದರು. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಹೆರೆಮಣೆಯ ಮೇಲೆ ಕುಳಿತು, ಎದುರಿಗಿನ ಅಕ್ಕಿ ಡಬ್ಬಕ್ಕೆ ಫೋನನ್ನು ಒರಗಿಸಿ ವಾರ್ತೆ ಹಾಕಿಕೊಂಡರೆಂದರೆ, ಒಂದು ಕಡಿ ಕಾಯಿ ಮುಗಿಯುವಷ್ಟರಲ್ಲಿ ದೇಶದ ಕೆಲಸವೂ ಒಂದಿಷ್ಟು ಮುಗಿಯಿತು ಎಂಬ ತೃಪ್ತಿ ಅವರ ಮುಖದಲ್ಲಿ ಕಾಣುತ್ತಿತ್ತು.

ಆ ಸೋಮವಾರ ಮಾತ್ರ ಕೆಲಸ ಅರ್ಧಕ್ಕೆ ನಿಂತಿತು. ವಾರ್ತೆ ಮುಗಿದದ್ದೇ ತಡ, ಫೋನು ತನ್ನಷ್ಟಕ್ಕೆ ಮುಂದಿನ ವಿಡಿಯೊ ಹಾಕಿತು. ಬಿಳಿ ಅಂಗಿಯ ಯುವಕನೊಬ್ಬ ಕೈ ಮುಗಿದು, “ನಮಸ್ಕಾರ ಮದುಮಗನೇ, ಮಂಟಪದಲ್ಲಿ ಪಂಚೆ ಜಾರೀತು ಎಂಬ ಭಯವೇ? ಇನ್ನು ಆ ಚಿಂತೆ ಬಿಡಿ” ಎಂದ.

ಕೃಷ್ಣಮೋಹನರು ಹಿಂದಿರುಗಿ ನೋಡಿದರು. ಅಡುಗೆಮನೆಯಲ್ಲಿ ಮದುಮಗ ಯಾರೂ ಇರಲಿಲ್ಲ. ಗೋದಾವರಿ ಕಾವಲಿಗೆ ನೀರುದೋಸೆ ಹುಯ್ಯುತ್ತಿದ್ದರು.

“ಇದು ಎಂತ ಮಾರಾಯ್ತಿ? ನನಗೆ ಯಾಕೆ ಇದು ಬರುದು? ನನ್ನ ಮದುವೆ ಆಗಿ ಇಪ್ಪತ್ತೆರಡು ವರ್ಷ ಆಯ್ತು.”

“ನನಗೆ ಗೊತ್ತುಂಟು,” ಎಂದರು ಗೋದಾವರಿ. “ಕಾಯಿ ಆಯ್ತಾ?”

ಅಷ್ಟರಲ್ಲಿ ಮಗ ಶ್ರೀಶ ಬಾಗಿಲಲ್ಲಿ ಬಂದು ನಿಂತ. ಅವನೂ ಅವನ ತಂಗಿ ಗಾನಶ್ರೀಯೂ ಅವಳಿ ಮಕ್ಕಳು. ಇಬ್ಬರೂ ಪುತ್ತೂರಿನ ಒಂದೇ ಕಾಲೇಜಿನಲ್ಲಿ, ಒಂದೇ ತರಗತಿಯಲ್ಲಿ ಡಿಗ್ರಿ ಓದುತ್ತಿದ್ದರು. ಮಗಳು ಮಾತಾಡುತ್ತ ಹುಟ್ಟಿದವಳು. ಮಗನಿಗೆ ಒಂದು ವಾಕ್ಯ ಶುರು ಮಾಡಬೇಕಾದರೆ ಮೊದಲು ಎರಡು ಸಲ ಕೆಮ್ಮಬೇಕು.

“ಅಪ್ಪಾ, ಒಂದು ವಿಷಯ ಕೇಳ್ಲಿಕ್ಕೆ ಇತ್ತು.”

“ಪರೀಕ್ಷೆ ಫೀಸಾ?”

“ಅಲ್ಲ.”

“ಹಾಗಾದ್ರೆ ಆಮೇಲೆ ಕೇಳು. ಈಗ ನಾನೇ ಒಂದು ಸಮಸ್ಯೆಯಲ್ಲಿ ಇದ್ದೇನೆ.”

ಶ್ರೀಶ ಅಲ್ಲೇ ಸ್ವಲ್ಪ ಹೊತ್ತು ನಿಂತು ಅಪ್ಪನ ಸೊಂಟದ ಕಡೆಗೆ ನೋಡಿದ. ಆಮೇಲೆ ಹೋದ.

ಕೃಷ್ಣಮೋಹನರ ಸಮಸ್ಯೆ ಏನೆಂದು ತಿಳಿಯಬೇಕಾದರೆ ಕಳೆದ ತಿಂಗಳ ಒಂದು ಚಪ್ಪಾಳೆಯನ್ನು ತಿಳಿಯಬೇಕು. ಪುತ್ತೂರು ಪೇಟೆಯಲ್ಲಿ ಅವರಿಗೆ ಮಿಕ್ಸಿ-ಗ್ರೈಂಡರ್ ರಿಪೇರಿಯ ಅಂಗಡಿ. ತಿರುಗುವ ಯಂತ್ರ ಗೊತ್ತಿದ್ದವನಿಗೆ ತಿರುಗದ ಯಂತ್ರವೂ ಗೊತ್ತು ಎಂಬುದು ಅವರ ನಂಬಿಕೆ. ಕಾಲೇಜಿನ ರಕ್ಷಕ-ಶಿಕ್ಷಕ ಸಭೆಯಲ್ಲಿ ಸಮಾಜಶಾಸ್ತ್ರದ ಪ್ರೇಮನಾಥ ಸರ್, “ಮಕ್ಕಳ ಇಂಟರ್ನೆಟ್ ಬಗ್ಗೆ ಯಾರಾದರೂ ಎರಡು ಮಾತು ಹೇಳಬಹುದು” ಎಂದಾಗ ಉಳಿದ ಅಪ್ಪಂದಿರು ಚಪ್ಪಲಿ ನೋಡಿಕೊಂಡರು. ಕೃಷ್ಣಮೋಹನರು ಎದ್ದು ನಿಂತರು.

“ನನಗೆ ಮಗ ಒಬ್ಬ, ಮಗಳು ಒಬ್ಬಳು. ಅವಳಿ. ಹಾಗಾಗಿ ನಾನು ಹೇಳುದು ಪ್ರಯೋಗ ಮಾಡಿ ನೋಡಿದ ವಿಷಯ. ಹುಡುಗರು ಇಂಟರ್ನೆಟ್ಟಿನಲ್ಲಿ ಯಂತ್ರ ನೋಡ್ತಾರೆ, ಹುಡುಗಿಯರು ಸೀರೆ ನೋಡ್ತಾರೆ. ಹುಡುಗರಿಗೆ ಯಾರೂ ಎಂತದ್ದೂ ಹೇಳಿಕೊಡುದು ಬೇಡ, ಅವರು ತಾವೇ ಕಲೀತಾರೆ. ಹುಡುಗಿಯರನ್ನು ಮಾತ್ರ ಸ್ವಲ್ಪ ನೋಡ್ಕೊಳ್ಬೇಕು.”

ಅಪ್ಪಂದಿರು ಜೋರಾಗಿ ಚಪ್ಪಾಳೆ ತಟ್ಟಿದರು. ಅಮ್ಮಂದಿರು ಊಟದ ಕೋಣೆಯ ಬಾಗಿಲು ತೆರೆಯಿತೋ ಎಂದು ನೋಡುತ್ತಿದ್ದರು. ಬಹುಕಾಲದಿಂದ ಪುಕ್ಕಟೆ ಭಾಷಣಕಾರರನ್ನು ಹುಡುಕುತ್ತಿದ್ದ ಪ್ರೇಮನಾಥ ಸರ್ ಅಲ್ಲೇ ಅವರನ್ನು ಹಿಡಿದು ಹಾಕಿದರು. ಈ ವಾರದ ಶನಿವಾರ ನಡೆಯುವ ವಾರ್ಷಿಕ ಸಭೆಯಲ್ಲಿ ಭಾಷಣ. ವಿಷಯ, ‘ಇಂಟರ್ನೆಟ್ ಬಳಕೆಯಲ್ಲಿ ಹುಡುಗರು ಮತ್ತು ಹುಡುಗಿಯರು’. ಆಹ್ವಾನ ಪತ್ರಿಕೆಯಲ್ಲಿ ಹೆಸರೂ ಅಚ್ಚಾಯಿತು, ಹಿಂದೆ ‘ಚಿಂತಕರು’ ಎಂದು ಸೇರಿಸಿ. ಕೃಷ್ಣಮೋಹನರು ಅಂದಿನಿಂದ ಮೀಸೆಗೆ ಬಣ್ಣ ಹಚ್ಚಲು ಶುರು ಮಾಡಿದರು. ಹೊಸ ಜರಿ ಪಂಚೆಯೂ ಬಂತು.

ಆ ಸಭೆಯ ದಿನ ಹೆತ್ತವರನ್ನು ಸಾಲಾಗಿ ಕೂರಿಸಿ ಬಾಳೆಲೆ ಹಾಕಿ ಮಕ್ಕಳೇ ಬಡಿಸುವುದು ಆ ಕಾಲೇಜಿನ ಪದ್ಧತಿ. ಹುಡುಗಿಯರು ಸೀರೆ ಉಡಬೇಕು, ಹುಡುಗರು ಪಂಚೆ. ಶ್ರೀಶನ ಪಾಲಿಗೆ ಸಾರು ಬಂದಿತ್ತು. ಇದು ಕೃಷ್ಣಮೋಹನರಿಗೂ ಗೊತ್ತಿತ್ತು. ಗೊತ್ತಿದ್ದೂ ಅದರಲ್ಲಿ ಯೋಚಿಸುವಂಥದ್ದು ಏನಾದರೂ ಇದೆ ಎಂದು ಅವರಿಗೆ ತೋರಲಿಲ್ಲ.

ಅಂಗಡಿಗೆ ಹೋದವರೇ ಅವರು ಪಕ್ಕದ ಮೊಬೈಲ್ ಅಂಗಡಿಯ ಶಾಫಿಯ ಮುಂದೆ ಫೋನು ಇಟ್ಟರು.

“ನೋಡು ಶಾಫಿ, ಇದು ನನ್ನನ್ನು ಮದುಮಗ ಅಂತ ಕರೀತದೆ.”

ಶಾಫಿ ಫೋನು ನೋಡದೆಯೇ ಹೇಳಿದ. “ಕೃಷ್ಣಣ್ಣ, ನಿಮ್ಮ ಮನೆಯ ನಾಲ್ಕು ಫೋನಿಗೂ ಒಂದೇ ಐಡಿ ಅಲ್ವಾ? ಬೇಡ, ಬೇರೆ ಬೇರೆ ಮಾಡುವ ಅಂತ ನಾನು ಅವತ್ತೇ ಹೇಳಿದ್ದೆ. ನೀವು ಕೇಳಿದ್ರಾ?”

“ಮನೆ ಒಂದು, ರೇಷನ್ ಕಾರ್ಡ್ ಒಂದು. ಐಡಿ ನಾಲ್ಕು ಯಾಕೆ?”

“ಹಾಗಾದ್ರೆ ಅನುಭವಿಸಿ. ನಾಲ್ಕೂ ಜನ ನೋಡಿದ್ದು ಒಂದೇ ಹಂಡೆಗೆ ಬೀಳ್ತದೆ. ಒಬ್ಬರು ಹಾವು ನೋಡಿದ್ರೆ ನಾಲ್ಕೂ ಜನಕ್ಕೆ ಹಾವೇ ಬರ್ತದೆ.”

ಕೃಷ್ಣಮೋಹನರು ಸ್ಟೂಲು ಎಳೆದು ಕುಳಿತರು. ಮಳೆಗಾಲದ ಆಟಿ ತಿಂಗಳಲ್ಲಿ ಒಂದು ವಾರ ಪೂರ್ತಿ ಅವರ ಫೋನಿನಲ್ಲಿ ನಾಗರಹಾವು ಕಾಣಿಸಿಕೊಂಡಿತ್ತು. ವಾರ್ತೆ ಮುಗಿದರೆ ಹಾವು, ಭಜನೆ ಮುಗಿದರೆ ಹಾವು. ಇದು ಸೂಚನೆ ಎಂದು ತಿಳಿದು ಅವರು ಅಂಗಡಿಗೆ ಬೀಗ ಹಾಕಿ ಸುಬ್ರಹ್ಮಣ್ಯಕ್ಕೆ ಹೋಗಿ ನಾಗದೋಷ ಪರಿಹಾರದ ಆಶ್ಲೇಷ ಬಲಿ ಮಾಡಿಸಿ ಬಂದಿದ್ದರು. ಬಂದ ಮೇಲೆಯೂ ಹಾವು ಬಿಡದೆ ಇದ್ದಾಗ ಭಕ್ತಿ ಸಾಲಲಿಲ್ಲವೇನೋ ಎಂದು ಸಂಕಟಪಟ್ಟಿದ್ದರು.

“ಆ ಹಾವು…”

“ನಿಮ್ಮ ಮನೆಯಲ್ಲೇ ಯಾರೋ ನೋಡಿದ್ದು, ಅಣ್ಣ.”

ಹಾವು ಶ್ರೀಶನದು ಎಂದು ಕೃಷ್ಣಮೋಹನರು ತಕ್ಷಣ ತೀರ್ಮಾನಿಸಿದರು. ಗಂಡು ಹುಡುಗ, ಧೈರ್ಯ ಇರುತ್ತದೆ. ನಡುನಡುವೆ ಬರುತ್ತಿದ್ದ ಮಿಕ್ಸಿ ರಿಪೇರಿ ವಿಡಿಯೊಗಳೂ ಅವನದೇ. ಅಪ್ಪನ ವಿದ್ಯೆ ಮಗನಿಗೆ ಹಿಡಿಸದೆ ಇರುತ್ತದೆಯೇ? ಹಾಗಾದರೆ ಮದುಮಗನ ಪಂಚೆ ಯಾರದು? ಮದುವೆ, ಮಂಟಪ, ಬಟ್ಟೆ. ಇದಕ್ಕೆ ಚಿಂತಕರು ಬೇಕಾಗಿಲ್ಲ. ಆದರೆ ಹುಡುಗಿ ಸೀರೆ ನೋಡುವುದು ಬಿಟ್ಟು ಪಂಚೆ ಯಾಕೆ ನೋಡಿದಳು?

ಅವರ ಕೈಯಲ್ಲಿದ್ದ ಚಾದ ಲೋಟ ಅಲ್ಲೇ ನಿಂತಿತು. ಪಂಚೆ ಅವಳಿಗಲ್ಲ. ಅವಳ ಮದುಮಗನಿಗೆ. ಅವನಿಗೆ ಪಂಚೆ ಉಡಲು ಬರುವುದಿಲ್ಲ. ಪಂಚೆ ಉಡಲು ಬಾರದವನು ಎಂದ ಮೇಲೆ ನಮ್ಮ ಕಡೆಯವನೇ ಅಲ್ಲ. ಅದನ್ನೂ ಅವಳು ಫೋನಿನಲ್ಲಿ ನೋಡಿ ಕಲಿಸಿಕೊಡುತ್ತಿದ್ದಾಳೆ ಎಂದ ಮೇಲೆ ಮದುವೆಯ ದಿನವೂ ನಿಶ್ಚಯವಾಗಿದೆ.

“ಕೃಷ್ಣಣ್ಣ, ಚಾ ತಣಿಯಿತು,” ಎಂದ ಶಾಫಿ.

“ಶಾಫಿ, ಪಂಚೆ ಉಡ್ಲಿಕ್ಕೆ ಬಾರದ ಗಂಡಸು ಪ್ರಪಂಚದಲ್ಲಿ ಇದ್ದಾನಾ?”

ಶಾಫಿ ತನ್ನ ಜೀನ್ಸ್ ಪ್ಯಾಂಟಿನ ಕಡೆಗೆ ಒಮ್ಮೆ ನೋಡಿಕೊಂಡು, ಗಿರಾಕಿ ಬಂದರೆಂದು ಎದ್ದು ಹೋದ.

ತನಿಖೆ ಅವತ್ತೇ ಆರಂಭವಾಯಿತು. ಕೃಷ್ಣಮೋಹನರು ಗ್ರೈಂಡರಿನ ಹಿಂದೆ ಕುಳಿತು ಆ ಪಂಚೆಯ ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಅದರ ಕೆಳಗೆ ‘ಮದುಮಗನ ಪೇಟ’ ಇತ್ತು. ಅದನ್ನೂ ನೋಡಿದರು. ಪೇಟದ ಕೆಳಗೆ ‘ದೇವಸ್ಥಾನದಲ್ಲಿ ಸರಳ ವಿವಾಹ, ಬೇಕಾಗುವ ದಾಖಲೆಗಳು’ ಇತ್ತು. ಅದನ್ನು ಎರಡು ಸಲ ನೋಡಿದರು. ಸರಳ ವಿವಾಹದ ಕೆಳಗೆ ಮದುಮಗಳ ಬಂಗಾರ, ಬಂಗಾರದ ಕೆಳಗೆ ಮೆಹಂದಿ, ಮೆಹಂದಿಯ ಕೆಳಗೆ ಮದುವೆ ಛತ್ರ, ಛತ್ರದ ಕೆಳಗೆ ಮಧುಚಂದ್ರಕ್ಕೆ ಹೋಗಬಹುದಾದ ತಂಪು ಜಾಗಗಳು. ನೋಡಿದಷ್ಟೂ ಬಂತು. ಬಂದಷ್ಟೂ ಅವರು ನೋಡಿದರು. ಮಗಳು ಎಷ್ಟು ಮುಂದೆ ಹೋಗಿದ್ದಾಳೆ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅದನ್ನೆಲ್ಲ ತಂದು ಹಂಡೆಗೆ ಸುರಿಯುತ್ತಿರುವವರು ತಾವೇ ಎಂಬುದು ಆ ಮಹಾನುಭಾವರ ತಲೆಗೆ ಹೋಗಲಿಲ್ಲ. ಹೆಬ್ಬೆರಳು ತಪ್ಪಿ ‘ಐವತ್ತರ ನಂತರವೂ ಮದುಮಗನ ಕಳೆ’ ಎಂಬುದನ್ನು ಒತ್ತಿದ್ದೂ ಅವರ ಗಮನಕ್ಕೆ ಬರಲಿಲ್ಲ.

ಮರುದಿನ ನರಿಮೊಗರಿನಿಂದ ಪುತ್ತೂರಿಗೆ ಹೋಗುವ ಬಸ್ಸಿನಲ್ಲಿ ಗಾನಶ್ರೀ ಫೋನು ತೆರೆದಳು. ಬ್ಯಾಂಕ್ ಪರೀಕ್ಷೆಯ ಲೆಕ್ಕ ಇರಬೇಕಾದಲ್ಲಿ ಮದುಮಗಳ ಬಂಗಾರ ಇತ್ತು. ಅದರ ಕೆಳಗೆ ಮೆಹಂದಿ, ಅದರ ಕೆಳಗೆ ಛತ್ರ. ಮನೆಯ ಐಡಿ ಒಂದೇ ಎಂದು ಅವಳಿಗೆ ಗೊತ್ತಿತ್ತು. ಅಮ್ಮ ನೋಡುವುದು ಅಡುಗೆ. ಶ್ರೀಶ ಇದನ್ನೆಲ್ಲ ನೋಡುವವನಲ್ಲ. ಅಂದರೆ ಅಪ್ಪ. ಅಪ್ಪ ತನಗೆ ಮದುವೆ ಗೊತ್ತು ಮಾಡುತ್ತಿದ್ದಾರೆ. ಅದಕ್ಕೇ ಹೊಸ ಪಂಚೆ, ಅದಕ್ಕೇ ಮೀಸೆಗೆ ಬಣ್ಣ.

ಬಸ್ಸು ಮುಂದಿನ ನಿಲ್ದಾಣ ಮುಟ್ಟುವ ಮೊದಲೇ ವಿಷಯ ತರಗತಿಯ ಹುಡುಗಿಯರ ಗ್ರೂಪಿಗೆ ಬಿತ್ತು. ಕಾಲೇಜು ಗೇಟಿಗೆ ಬರುವಷ್ಟರಲ್ಲಿ ಒಬ್ಬಳು ಸುಳ್ಯದಲ್ಲಿ ವಕೀಲೆಯಾಗಿದ್ದ ಚಿಕ್ಕಮ್ಮನನ್ನು ಕೇಳಿ ಆಗಿತ್ತು. ಇನ್ನೊಬ್ಬಳು ಕಲ್ಲುಗುಂಡಿಯ ತನ್ನ ಅಜ್ಜಿಮನೆಯಲ್ಲಿ ಎಷ್ಟು ದಿನ ಬೇಕಾದರೂ ಇರಬಹುದೆಂದು ಬರೆದಳು. ಪಕ್ಕದ ಮನೆಯ ರಸೀನಾ ಅವಳ ಭುಜ ಹಿಡಿದು, “ನೀನು ಅಳ್ಬೇಡ, ಅಪ್ಪನ ಹತ್ತಿರ ನನ್ನ ಉಮ್ಮ ಮಾತಾಡ್ತಾರೆ” ಎಂದಳು.

ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಶ್ರೀಶ ಕಿವಿಗೆ ಇಯರ್‌ಫೋನು ಸಿಕ್ಕಿಸಿ, ಫೋನನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಏನನ್ನೋ ನೋಡುತ್ತಿದ್ದ. ಪಕ್ಕದಲ್ಲಿ ಕುಳಿತ ಅವನ ಗೆಳೆಯ ದಿಶಾಂತ್ ಕೂಡ ತನ್ನ ಫೋನನ್ನು ಅತ್ತ ಕಡೆ ತಿರುಗಿಸಿಕೊಂಡು ಏನನ್ನೋ ನೋಡುತ್ತಿದ್ದ. ಇಬ್ಬರೂ ನೋಡುತ್ತಿದ್ದದ್ದು ಒಂದೇ ವಿಡಿಯೊ. ಅದು ಇಬ್ಬರಿಗೂ ಗೊತ್ತಾಗಲಿಲ್ಲ. ಶನಿವಾರ ಸಾರಿನ ಪಕ್ಕ ಪಲ್ಯ ಹಿಡಿಯಬೇಕಾದವನು ದಿಶಾಂತ್.

ಸಂಜೆ ಅಂಗಳದ ಪಾಗಾರ ಗೋಡೆಯ ಆಚೆಯಿಂದ ಜೈನಬಮ್ಮನ ತಲೆ ಕಂಡಿತು. ರಸೀನಾಳ ತಾಯಿ. ಒಳ್ಳೆಯ ಮಾತಿನ ಹೆಂಗಸು.

“ಕೃಷ್ಣಣ್ಣ, ನಾನು ಹೇಳ್ತೇನೆ ಅಂತ ಬೇಸರ ಮಾಡ್ಬೇಡಿ. ಅಷ್ಟು ಬೇಗ ಯಾಕೆ? ಮಗು ಡಿಗ್ರಿ ಒಂದು ಮುಗಿಸ್ಲಿ.”

ಕೃಷ್ಣಮೋಹನರ ಕೈಯಿಂದ ಪೈಪು ಜಾರಿ ದಾಸವಾಳದ ಗಿಡಕ್ಕೆ ಹೋಗಬೇಕಾದ ನೀರು ಅವರ ಕಾಲಿಗೆ ಹೋಯಿತು. ಪಾಗಾರ ದಾಟಿಯೂ ಸುದ್ದಿ ಹೋಗಿದೆ.

“ನಿಮಗೆ ಯಾರು ಹೇಳಿದ್ದು?”

“ರಸೀನಾ. ಅವಳಿಗೆ ಗಾನಶ್ರೀಯೇ ಹೇಳಿದ್ದಂತೆ, ಬಸ್ಸಿನಲ್ಲಿ ಅತ್ತುಕೊಂಡು.”

“ಅತ್ತುಕೊಂಡಾ?”

“ಮತ್ತೆ ಅಳುದಿಲ್ವಾ? ಹುಡುಗ ಎಲ್ಲಿಯವ?”

“ಅದನ್ನು ನಾನೇ ನಿಮ್ಮ ಹತ್ತಿರ ಕೇಳ್ಬೇಕು ಅಂತ ಇದ್ದೆ.”

ಜೈನಬಮ್ಮ ಬಾಯಿಗೆ ಕೈ ಇಟ್ಟುಕೊಂಡರು. “ನಿಮಗೇ ಗೊತ್ತಿಲ್ವಾ?”

“ನನಗೆ ಗೊತ್ತಿರುದು ಒಂದೇ. ಅವನಿಗೆ ಪಂಚೆ ಉಡ್ಲಿಕ್ಕೆ ಬರುದಿಲ್ಲ.”

“ಯಾ ಅಲ್ಲಾ,” ಎಂದರು ಜೈನಬಮ್ಮ. ಹುಡುಗನ ಊರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಉಡುವ ಬಟ್ಟೆಯ ಗತಿಯೂ ಹೀಗೆ, ಅಂಥವನಿಗೆ ಹೆಣ್ಣು ಕೊಡುವ ಅಪ್ಪನನ್ನು ಅವರು ಈವರೆಗೆ ಕಂಡಿರಲಿಲ್ಲ. ಮಾತು ಬೆಳೆಸದೆ ಒಳಗೆ ಹೋದರು.

ಗೋದಾವರಿ ಪತ್ರೊಡೆಗೆ ಅಕ್ಕಿ ಎಷ್ಟು ನೆನೆಸಬೇಕೆಂದು ನೋಡಲು ಫೋನು ತೆರೆದದ್ದು ಬುಧವಾರ. ಎದ್ದು ಬಂದದ್ದು ಐವತ್ತರ ಮದುಮಗ. ಅವನ ಮೀಸೆಯ ಬಣ್ಣ ತೀರಾ ಪರಿಚಯದ ಹಾಗಿತ್ತು. ಅವರಿಗೆ ಸಿಟ್ಟು ಬರಲಿಲ್ಲ. ಈ ಮನುಷ್ಯನಿಗೆ ಇನ್ನೊಂದು ಹೆಣ್ಣು ಹುಡುಕುವುದಿರಲಿ, ಬಚ್ಚಲಲ್ಲಿಟ್ಟ ತನ್ನ ಟವೆಲ್ಲು ಹುಡುಕಲಿಕ್ಕೇ ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಇಷ್ಟು ನಗೆಯನ್ನು ಒಬ್ಬರೇ ನಗುವುದು ಹೇಗೆಂದು ಕಡಬದ ಅಣ್ಣನಿಗೆ ಫೋನು ಮಾಡಿ ಹೇಳಿದರು. ಅಲ್ಲೇ ತಪ್ಪಾಯಿತು. ಅಣ್ಣ ವಿಷ್ಣುಪ್ರಸಾದರು ಕಡಬದಲ್ಲಿ ಯಾರ ಮನೆಯಲ್ಲಿ ಜಗಳವಾದರೂ ಕರೆಯದೆಯೇ ಹೋಗಿ ಮಧ್ಯಸ್ಥಿಕೆ ಮಾಡುವವರು. ನಗುವುದು ಅವರ ಕೆಲಸಗಳಲ್ಲಿ ಸೇರಿರಲಿಲ್ಲ.

ಶುಕ್ರವಾರ ಸಂಜೆ ಅವರು ಹೆಗಲಿಗೆ ಶಾಲು ಹಾಕಿಕೊಂಡು ಬಂದಿಳಿದರು. ಗೋದಾವರಿ, “ಅಣ್ಣಾ, ನಾನು ತಮಾಷೆಗೆ ಹೇಳಿದ್ದು” ಎಂದರೆ, “ನೀನು ಒಳಗೆ ಹೋಗು. ಹೆಂಗಸರು ಎದೆಯೊಳಗೆ ಅಳುವಾಗ ಹೊರಗೆ ಹೀಗೇ ಹೇಳುದು” ಎಂದು ತಂಗಿಯನ್ನು ಅಡುಗೆಮನೆಗೆ ಕಳುಹಿಸಿ, ಭಾವನನ್ನು ಜಗಲಿಯಲ್ಲಿ ಎದುರಿಗೆ ಕೂರಿಸಿಕೊಂಡರು.

“ಭಾವ, ಸುತ್ತಿ ಬಳಸಿ ಮಾತಾಡುದು ನನಗೆ ಗೊತ್ತಿಲ್ಲ. ನನಗೆ ಎಲ್ಲ ಗೊತ್ತಾಗಿದೆ.”

ಕೃಷ್ಣಮೋಹನರ ಕಣ್ಣು ತುಂಬಿತು. “ಕಡಬಕ್ಕೂ ಗೊತ್ತಾಯ್ತಾ?”

“ಇಂಥದ್ದು ಮುಚ್ಚಿದರೆ ಮುಚ್ಚುತ್ತದಾ? ಈ ಪ್ರಾಯದಲ್ಲಿ ಇದೆಲ್ಲ ಬೇಕಾ ಅಂತ ಕೇಳ್ತೇನೆ.”

“ಅದೇ ಭಾವ, ನನ್ನ ಸಂಕಟವೂ ಅದೇ. ಹತ್ತೊಂಬತ್ತು ಒಂದು ಪ್ರಾಯವಾ?”

ವಿಷ್ಣುಪ್ರಸಾದರು ಮುಂದಕ್ಕೆ ಬಾಗಿದರು. “ಹತ್ತೊಂಬತ್ತು? ಹುಡುಗಿಗಾ?”

“ಮತ್ತೆ?”

“ನಿಮಗೆ ನಾಚಿಕೆ ಅಂತ ಒಂದು ಉಂಟಾ ಭಾವ? ನಿಮ್ಮ ಮಗಳ ಪ್ರಾಯದವಳು.”

“ಮಗಳ ಪ್ರಾಯದವಳು ಅಲ್ಲ ಭಾವ, ಮಗಳೇ.”

ವಿಷ್ಣುಪ್ರಸಾದರು ಶಾಲನ್ನು ತೆಗೆದು ಮಡಿಚಿ ಪಕ್ಕಕ್ಕೆ ಇಟ್ಟರು. ಮತ್ತೆ ತೆಗೆದು ಹಾಕಿಕೊಂಡರು. ಒಳಗಿನಿಂದ ಗೋದಾವರಿ ನಕ್ಕ ಸದ್ದು ಕೇಳಿ, ಪಾಪ, ತಂಗಿ ಬಿಕ್ಕುತ್ತಿದ್ದಾಳೆ ಎಂದುಕೊಂಡರು. ಆಮೇಲೆ ಕೃಷ್ಣಮೋಹನರು ಮೊದಲಿನಿಂದ ಎಲ್ಲವನ್ನೂ ಹೇಳಿದರು. ಕೇಳುತ್ತ ಕೇಳುತ್ತ ವಿಷ್ಣುಪ್ರಸಾದರ ಮುಖದ ಸಿಟ್ಟು ಹೋಗಿ ಕರ್ತವ್ಯ ಬಂತು.

“ಪಂಚೆ ಉಡ್ಲಿಕ್ಕೆ ಬಾರದವ ಅಂದ್ರಾ?”

“ಹೌದು ಭಾವ. ಆ ಅಂಟಿಸುವ ರೆಡಿಮೇಡ್ ಪಂಚೆ ಬರ್ತದಲ್ಲ, ಅಂಥದ್ದು ಉಡುವವ ಇರ್ಬೇಕು.”

“ಅದು ಪಂಚೆಯಾ? ಗೋಂದು ಹಾಕಿದ ಲಕೋಟೆ.”

“ನಾನು ಸಹ ಅದೇ ಹೇಳುದು. ಅಂಥವನ ಕೈಗೆ ಮಗಳನ್ನು…”

ಅಷ್ಟರಲ್ಲಿ ಬಾಗಿಲ ಬಳಿ ಯಾರೋ ಎರಡು ಸಲ ಕೆಮ್ಮಿದರು. ಶ್ರೀಶ. ಅವನ ಕೈಯಲ್ಲಿ ಕಾಗದದ ಪೊಟ್ಟಣ ಒಂದಿತ್ತು. ಅದರ ಮೂಲೆಯಿಂದ ಅಂಟುಪಟ್ಟಿಯ ತುದಿ ಹೊರಗೆ ಕಾಣುತ್ತಿತ್ತು. ಲಕೋಟೆಯ ಮಾತು ಕೇಳಿದವನೇ ಅವನು ಪೊಟ್ಟಣವನ್ನು ಬೆನ್ನ ಹಿಂದೆ ಸೇರಿಸಿದ.

“ಅಪ್ಪಾ, ಆ ವಿಷಯ…”

“ನೀನು ಹೋಗು ಮಗಾ,” ಎಂದರು ವಿಷ್ಣುಪ್ರಸಾದರು. “ಇದು ದೊಡ್ಡವರ ಮಾತು.”

“ನಾಳೆ ಬೆಳಿಗ್ಗೆಯ ಒಳಗೆ ನನಗೆ ಗೊತ್ತಾಗ್ಬೇಕಿತ್ತು, ಮಾವ.”

“ನಮಗೂ ಹಾಗೇ ಮಾರಾಯ.”

ಶ್ರೀಶ ಹೋದ. ವಿಷ್ಣುಪ್ರಸಾದರು ಧ್ವನಿ ತಗ್ಗಿಸಿ, “ಭಾವ, ಒಂದು ನೆನಪಿಡಿ. ಇಂಥ ವಿಷಯದಲ್ಲಿ ನೇರ ಕೇಳ್ಬಾರದು. ಕೇಳಿದರೆ ಕೆಟ್ಟಿತು,” ಎಂದರು. ಹೀಗೆ ಆ ಮನೆಯಲ್ಲಿ ಎಲ್ಲರ ಬಾಯಿಯ ತುದಿಯಲ್ಲೂ ಒಂದೊಂದು ಪ್ರಶ್ನೆ ಇದ್ದು, ಯಾರೂ ಯಾರನ್ನೂ ಏನೂ ಕೇಳದೆ ಊಟ ಮುಗಿಸಿದರು. ಪತ್ರೊಡೆ ಚೆನ್ನಾಗಿತ್ತು ಎಂದೂ ಯಾರೂ ಹೇಳಲಿಲ್ಲ.

ಶನಿವಾರ ಬೆಳಕು ಹರಿಯುವ ಮೊದಲೇ ಮನೆಯಲ್ಲಿ ಹುಡುಗಿಯರು ತುಂಬಿದ್ದರು. ರಸೀನಾ ಬಂದಿದ್ದಳು, ಕೆಳಗಿನ ಮನೆಯ ಚಿನ್ಮಯೀ ಬಂದಿದ್ದಳು, ಅವಳ ಜೊತೆ ಇನ್ನಿಬ್ಬರು. ಒಬ್ಬಳ ನೆರಿಗೆ ಇನ್ನೊಬ್ಬಳು ಹಿಡಿದಿದ್ದಳು, ಅವಳ ಸೆರಗು ಮತ್ತೊಬ್ಬಳ ಕೈಯಲ್ಲಿತ್ತು. ಪಿನ್ನು ಎಲ್ಲಿ ಎಂದು ಒಬ್ಬಳು ಕೂಗಿದರೆ ಪಿನ್ನು ಬಾಯಲ್ಲಿಟ್ಟುಕೊಂಡವಳು ಉತ್ತರ ಕೊಡಲಾಗದೆ ಕಣ್ಣು ಬಿಟ್ಟಳು. ಗೋಡೆಗೆ ಒರಗಿಸಿದ ಫೋನಿನಲ್ಲಿ ಚಿನ್ಮಯೀಯ ಅಕ್ಕ ಮಂಗಳೂರಿನಿಂದಲೇ ನೆರಿಗೆಯ ತಪ್ಪು ಹೇಳುತ್ತಿದ್ದಳು. ಗೋದಾವರಿ ಒಂದು ಕೈಯಲ್ಲಿ ದೋಸೆ ತಿರುವಿ, ಇನ್ನೊಂದು ಕೈಯಲ್ಲಿ ಮಲ್ಲಿಗೆ ಹಂಚುತ್ತಿದ್ದರು. ನೋಡಲು ಬಂದ ಜೈನಬಮ್ಮನೂ ನಿಂತಲ್ಲೇ ಒಂದು ಸೆರಗು ಸರಿಪಡಿಸಿದರು. ಒಳಗಿನ ಕೋಣೆಯ ಬಾಗಿಲು ಒಂದು ಮಾತ್ರ ಬೆಳಗಿನಿಂದ ಮುಚ್ಚಿತ್ತು. ಅದು ಶ್ರೀಶನ ಕೋಣೆ.

ಕೃಷ್ಣಮೋಹನರು ಹೊಸ ಜರಿ ಪಂಚೆ ಉಟ್ಟು, ಭಾಷಣದ ಹಾಳೆ ಹಿಡಿದು ಜಗಲಿಯಿಂದ ಒಳಗೆ ಬಂದರು. ಎದುರಿಗೆ ಗಾನಶ್ರೀ ಸೀರೆ ಉಟ್ಟು, ಮಲ್ಲಿಗೆ ಮುಡಿದು ನಿಂತಿದ್ದಳು. ಅವರ ಕಣ್ಣಿಗೆ ಕಾಲೇಜು ಕಾಣಲಿಲ್ಲ, ಬಾಳೆಲೆ ಕಾಣಲಿಲ್ಲ. ಕಂಡದ್ದು ಮಂಟಪ.

“ಗಾನಾ, ಎಲ್ಲಿಗೆ ಹೊರಟದ್ದು?”

“ಕಾಲೇಜಿಗೆ.”

“ಸೀರೆ ಉಟ್ಟು?”

“ಇವತ್ತು ಎಲ್ಲರೂ ಸೀರೆಯೇ ಅಲ್ವಾ ಅಪ್ಪಾ?”

ವಿಷ್ಣುಪ್ರಸಾದರು ಹಿಂದಿನಿಂದ ಬೇಡ ಬೇಡ ಎಂದು ಕೈ ಆಡಿಸಿದರು. ಆದರೆ ಅಷ್ಟರಲ್ಲಿ ಕೃಷ್ಣಮೋಹನರ ಕಟ್ಟೆ ಒಡೆದಿತ್ತು.

“ಮಗಳೇ, ನಾನು ಬೈಯುದಿಲ್ಲ. ಯಾರು ಅವ, ಹೇಳು. ಆ ಪಂಚೆ ಉಡ್ಲಿಕ್ಕೆ ಬಾರದ ಹುಡುಗ?”

ಗಾನಶ್ರೀಯ ಮುಖ ಕೆಂಪಾಯಿತು. “ಅಪ್ಪಾ, ನೀವು ನನಗೆ ನೋಡಿಟ್ಟ ಹುಡುಗನಿಗೆ ಪಂಚೆ ಉಡ್ಲಿಕ್ಕೆ ಸಹ ಬರುದಿಲ್ವಾ?”

“ನಾನು ನೋಡಿಟ್ಟದ್ದಾ? ನೀನು ನೋಡಿಟ್ಟದ್ದು.”

“ನಾನ್ಯಾಕೆ ನೋಡ್ಲಿ? ಬಂಗಾರ ನೋಡಿದ್ದು ಯಾರು? ಛತ್ರ ನೋಡಿದ್ದು ಯಾರು?”

“ಅದು ನೀನು ನೋಡಿದ್ದೀಯಲ್ಲ ಅಂತ ನಾನು ನೋಡಿದ್ದು.”

“ನೀವು ನೋಡಿದ್ದಕ್ಕೆ ಅಲ್ವಾ ನನಗೆ ಬಂದದ್ದು?”

ರಸೀನಾ ಪಿನ್ನು ಬಾಯಿಂದ ತೆಗೆದಳು. “ಗಾನಾ, ಹಾಗಾದ್ರೆ ಮದುವೆ ಇಲ್ವಾ?”

“ಇಲ್ಲ ಅಂತ ಕಾಣ್ತದೆ.”

“ಗ್ರೂಪಿನಲ್ಲಿ ಎಂತ ಹಾಕುದು ಈಗ? ವಕೀಲರು ಬರ್ತೇನೆ ಹೇಳಿದ್ದಾರೆ.”

ವಿಷ್ಣುಪ್ರಸಾದರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಕಡಬದಲ್ಲಿ ಅವರು ಕೈ ಎತ್ತುವುದು ಹಾಗೆಯೇ. “ಇನ್ನು ಒಬ್ಬೊಬ್ಬರೇ ಹೇಳಿ. ಯಾರು ಎಂತ ನೋಡಿದ್ದು?”

“ನಾನು ನೋಡುದು ಬ್ಯಾಂಕ್ ಪರೀಕ್ಷೆಯ ಲೆಕ್ಕ. ಮತ್ತೆ ಹಾವು,” ಎಂದಳು ಗಾನಶ್ರೀ.

“ಹಾವು ನೀನಾ?” ಎಂದರು ಕೃಷ್ಣಮೋಹನರು.

“ಹಾವು ಹಿಡಿದು ಕಾಡಿಗೆ ಬಿಡುದು ಕಲೀಬೇಕು ಅಂತ ಉಂಟು ನನಗೆ. ಹೇಳಿದ್ರೆ ಬೈತೀರಿ ಅಂತ ಹೇಳ್ಲಿಲ್ಲ.”

“ಆಶ್ಲೇಷ ಬಲಿ ಮಾಡಿಸಿದ್ದೇನೆ ಮಾರಾಯ್ತಿ ನಾನು.”

“ಅದು ಒಳ್ಳೆಯದೇ ಆಯ್ತು ಬಿಡಿ,” ಎಂದರು ವಿಷ್ಣುಪ್ರಸಾದರು. “ಹಾವು ಹಿಡಿಯುವ ಹುಡುಗಿ ಇರುವ ಮನೆಗೆ ಬೇಕಾದದ್ದೇ. ಆ ಮಿಕ್ಸಿ ರಿಪೇರಿ ಯಾರದ್ದು? ಶ್ರೀಶನದ್ದಾ?”

“ನನ್ನದು,” ಎಂದರು ಗೋದಾವರಿ, ದೋಸೆ ತಿರುವುತ್ತ. “ನಮ್ಮ ಮಿಕ್ಸಿ ದೀಪಾವಳಿಗೆ ಇವರ ಅಂಗಡಿಗೆ ಹೋದದ್ದು ಇನ್ನೂ ಬರ್ಲಿಲ್ಲ. ಹೋದ ತಿಂಗಳು ಜೈನಬಮ್ಮನ ಮಿಕ್ಸಿ ಕೆಟ್ಟಾಗ ನಾನೇ ಸರಿ ಮಾಡಿ ಕೊಟ್ಟೆ.”

“ಚೆನ್ನಾಗಿ ತಿರುಗ್ತದೆ ಈಗ,” ಎಂದರು ಜೈನಬಮ್ಮ. ಚಿಂತಕರು ಕೈಯಲ್ಲಿದ್ದ ಹಾಳೆಯ ಮೊದಲ ಪುಟವನ್ನು ಮೆಲ್ಲನೆ ಮಡಿಚಿದರು. ಅದರಲ್ಲಿ ‘ಹುಡುಗರು ಯಂತ್ರ, ಹುಡುಗಿಯರು ಸೀರೆ’ ಎಂದು ದಪ್ಪ ಅಕ್ಷರದಲ್ಲಿ ಇತ್ತು.

“ಹಾಗಾದ್ರೆ,” ಎಂದರು ವಿಷ್ಣುಪ್ರಸಾದರು ಬೆರಳು ಮಡಚಿ, “ಮದುಮಗನ ಪಂಚೆ ನೋಡಿದ್ದು ಯಾರು?”

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಗೋದಾವರಿ ಮಾತ್ರ ಒಲೆ ಆರಿಸಿ, ಒಳಗಿನ ಕೋಣೆಯ ಕಡೆಗೆ ತಿರುಗಿ ನಿಂತರು. ಆ ಬಾಗಿಲು ಸ್ವಲ್ಪ ಸ್ವಲ್ಪವೇ ತೆರೆಯಿತು.

ಶ್ರೀಶ ಹೊಸ್ತಿಲಲ್ಲಿ ನಿಂತಿದ್ದ. ಇಸ್ತ್ರಿ ಹಾಕಿದ ಅಂಗಿ, ನೀರು ಹಚ್ಚಿ ಬಾಚಿದ ಕೂದಲು. ಅದರಿಂದ ಕೆಳಗೆ ಅಪ್ಪನ ಹಳೆಯ ಬಿಳಿ ಪಂಚೆ. ಎಡಗಡೆ ಅದು ಮೊಣಕಾಲಿಗೆ ನಿಂತಿತ್ತು, ಬಲಗಡೆ ನೆಲ ಗುಡಿಸುತ್ತಿತ್ತು. ಸೊಂಟದ ಹತ್ತಿರ ದೊಡ್ಡ ಎಲೆಕೋಸಿನಂಥ ಒಂದು ಗಂಟು. ಅದನ್ನು ಅವನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದ. ಅಷ್ಟು ಜನರನ್ನು ಕಂಡು ಹಿಂದೆ ಸರಿಯಬೇಕೆಂದು ಅವನಿಗೆ ಅನಿಸಿತು. ಬಾಗಿಲು ಹಾಕಿಕೊಳ್ಳಬೇಕಾದರೆ ಒಂದು ಕೈ ಬಿಡಬೇಕು. ಕೈ ಬಿಡುವ ಹಾಗಿರಲಿಲ್ಲ.

ಗಾನಶ್ರೀಗೆ ನಗೆ ಒತ್ತಿಕೊಂಡು ಬಂತು. ಅಮ್ಮನ ಕಣ್ಣು ಕಂಡು ನುಂಗಿಕೊಂಡಳು. ವಿಷ್ಣುಪ್ರಸಾದರು ಏನೋ ಹೇಳಲು ಬಾಯಿ ತೆರೆದರು.

“ಅಣ್ಣಾ, ಸ್ವಲ್ಪ ಸುಮ್ಮನಿರಿ,” ಎಂದರು ಗೋದಾವರಿ. “ಎಲ್ಲರೂ ಸ್ವಲ್ಪ ಸುಮ್ಮನಿರಿ. ಇವರೇ, ನೀವು ಸಹ. ಸೋಮವಾರದಿಂದ ಆ ಮಗು ಒಂದು ಮಾತು ಕೇಳ್ಲಿಕ್ಕೆ ನೋಡ್ತಾ ಇದೆ. ಕೇಳು ಮಗಾ.”

ಕೃಷ್ಣಮೋಹನರು ಭಾಷಣದ ಹಾಳೆಗಳನ್ನು ಅಕ್ಕಿ ಡಬ್ಬದ ಮೇಲೆ ಇಟ್ಟು, ಮಗನ ಮುಂದೆ ಬಂದು ನಿಂತರು. ಶ್ರೀಶ ಎರಡು ಸಲ ಕೆಮ್ಮಿದ.

“ಅಪ್ಪಾ, ಸಾರಿನ ಬಕೆಟ್ ಹಿಡಿಯುವಾಗ ನನಗೆ ಎರಡೂ ಕೈ ಬೇಕು. ನಿಮ್ಮ ಹಾಗೆ, ಕೈ ಬಿಟ್ಟರೂ ನಿಲ್ಲುವ ಹಾಗೆ, ಇದನ್ನು ಉಡುದು ಹೇಗೆ?”